ಕಾಫಿ ಕೊಡದೆ ಗೆದ್ದ ಟೆಂಡರ್

ಸರ್ಕಾರಿ ಟೆಂಡರ್ ಹಾಕುವವರ ಹತ್ತಿರ ಲಂಚದ ಕಥೆಗಳಿಗೆ ಬರವಿಲ್ಲ. ನಾನು ಕೆ.ಆರ್. ಪುರದ ಸಣ್ಣ ವರ್ಕ್‌ಶಾಪೊಂದರಲ್ಲಿ ಟೆಂಡರ್ ಕೆಲಸ ನೋಡಿಕೊಳ್ಳುತ್ತೇನೆ. ಸರ್ಕಾರಿ ಶಾಲೆಗಳಿಗೆ ಡೆಸ್ಕು, ಬೆಂಚು ಮಾಡುತ್ತೇವೆ. ಪಕ್ಕದ ವರ್ಕ್‌ಶಾಪಿನವರು ಯಾರದೋ ಕೈ ಬೆಚ್ಚಗೆ ಮಾಡಲು ಹೋಗಿ ಸಿಕ್ಕಿಬಿದ್ದು, ಬ್ಲ್ಯಾಕ್‌ಲಿಸ್ಟ್ ಆಗಿ ಬಾಗಿಲು ಹಾಕಿದರು. ಅವರ ವೆಲ್ಡರ್‌ಗಳು ಕೆಲಸ ಕೇಳಿಕೊಂಡು ನಮ್ಮ ಗೇಟಿಗೆ ಬಂದಾಗ ನಮ್ಮ ಯಜಮಾನರಿಗೆ ನಡುಕ ಹುಟ್ಟಿತು. ನಮಗೂ ಬೇರೆ ಆರ್ಡರ್ ಇರಲಿಲ್ಲ. ಆ ಸಲದ ಟೆಂಡರ್ ಕೈತಪ್ಪಿದರೆ ನಾವೂ ಇನ್ನೊಬ್ಬರ ಗೇಟು ಹುಡುಕಬೇಕಿತ್ತು. ಆದರೂ ಯಜಮಾನರದು ಒಂದೇ ಮಾತು: "ಆಫೀಸಿನವರಿಗೆ ಒಂದು ಕಾಫಿನೂ ಕೊಡ್ಬೇಡಿ."

ಲೋಟ ನೀರು

ವರ್ಕ್‌ಶಾಪ್ ನೋಡಲು ಟೆಂಡರ್ ಕರೆದ ಆಫೀಸಿನ ಇಂಜಿನಿಯರ್ ಬಂದರು. ವೆಲ್ಡಿಂಗ್ ಹೊಗೆಗೆ ಕೆಮ್ಮು ಹತ್ತಿ, "ಸ್ವಲ್ಪ ನೀರು ಕೊಡ್ರೀ" ಅಂದರು. ಕೊಡಬಹುದೋ ಇಲ್ಲವೋ ಎಂದು ಕೇಳಲು ಯಜಮಾನರು ನಮ್ಮ ಆಡಿಟರಿಗೆ ಫೋನ್ ಹಚ್ಚಿದರು. "ಕ್ಯಾನ್ ನೀರು ಕೊಡಬಹುದು" ಎಂದು ಅಪ್ಪಣೆಯಾಯಿತು. ಲೋಟ ಖಾಲಿ ಮಾಡಿದ ಇಂಜಿನಿಯರ್ ಜೇಬಿಗೆ ಕೈ ಹಾಕಿ, "ಇದಕ್ಕೆ ಎಷ್ಟಾಯ್ತು? ನನಗೂ ರಿಟೈರ್‌ಮೆಂಟ್ ಹತ್ರ ಬಂತು, ರಿಸ್ಕ್ ಬೇಡ" ಎಂದರು.

ಬಾಗಿನ

ಯಜಮಾನರ ಹೆಂಡತಿಯ ಅಣ್ಣ ಅದೇ ಆಫೀಸಿನಲ್ಲಿ ಗುಮಾಸ್ತರು. ಗೌರಿ ಹಬ್ಬಕ್ಕೆ ಜೀವನ್ ಬಿಮಾ ನಗರದಿಂದ ತಂಗಿಗೆ ಬಾಗಿನ ತಂದರು. ವರ್ಕ್‌ಶಾಪಿನ ಮೇಲೆಯೇ ಮನೆ, ಮಾತೆಲ್ಲ ನಮಗೆ ಕೇಳುತ್ತಿತ್ತು.

"ಟೆಂಡರ್ ಓಪನ್ ಆಗೋವರೆಗೂ ತಗೋಬೇಡ್ವೇ" ಎಂದರು ಯಜಮಾನರು.

"ಕೊಡ್ತಿರೋದು ಅವನು. ಆಫೀಸಿನವರು ಎಲ್ಲಾದ್ರೂ ಕಂಟ್ರಾಕ್ಟರಿಗೆ ಲಂಚ ಕೊಡ್ತಾರೇನ್ರೀ?"

"ನೋಡಿದೋರು ಏನಂತಾರೆ?"

"ಸರಿ ಹಾಗಾದ್ರೆ. ಟೆಂಡರ್ ಮುಗಿಯೋವರೆಗೂ ನೀವು ನನಗೆ ಯಾರೂ ಅಲ್ಲ ಅಂತ ಬರ್ಕೊಡಿ, ಬಾಗಿನ ನಾನು ತಗೋತೀನಿ."

ಬಾಗಿನವೇನೋ ಒಳಗೆ ಹೋಯಿತು. ಟೆಂಡರ್ ಓಪನ್ ಆಗುವವರೆಗೆ ಯಜಮಾನರ ಊಟ ಮಾತ್ರ ನಮ್ಮ ಡಬ್ಬಿಗಳಲ್ಲೇ ನಡೆಯಿತು.

ದಲ್ಲಾಳಿ

ಟೆಂಡರ್ ಹಾಕುವ ಮುಂಚೆ ಒಬ್ಬ ದಲ್ಲಾಳಿ ನಮ್ಮನ್ನು ಶಿವಾಜಿನಗರದ ಟೀ ಅಂಗಡಿಗೆ ಕರೆಸಿದ್ದ. "ಅಡ್ವಾನ್ಸ್ ಕೊಟ್ಬಿಡಿ ಸಾರ್, ಟೆಂಡರ್ ನಿಮಗೇ. ಸಿಗ್ಲಿಲ್ಲಾಂದ್ರೆ ಪೂರ್ತಿ ವಾಪಸ್. ನಂದು ಮೋಸದ ವ್ಯಾಪಾರ ಅಲ್ಲ." ಯಜಮಾನರು ತಮ್ಮ ಟೀಗೆ ತಾವೇ ದುಡ್ಡು ಕೊಟ್ಟು ಎದ್ದು ಬಂದರು. ಟೆಂಡರ್ ಹೋಯಿತೆಂದೇ ನಾನು ಅಂದುಕೊಂಡಿದ್ದೆ.

ಓಪನ್ ಆದಾಗ ನಮ್ಮದೇ ಕಡಿಮೆ ರೇಟು, ಆರ್ಡರ್ ನಮಗೇ. ವೆಲ್ಡರ್‌ಗಳಿಗೆ ಲಾಡು ಹಂಚುತ್ತಿರುವಾಗ ದಲ್ಲಾಳಿ ಜೋಲು ಮೋರೆ ಹಾಕಿಕೊಂಡು ಬಂದ. ಪಾಲು ಕೇಳಲು ಬಂದಿದ್ದಾನೆಂದು ನಾನು ಸಿಡುಕಿದೆ.

"ಪಾಲು ಎಲ್ಲಿ ಬಂತು ಸಾರ್? ನಾನು ಆಫೀಸಿನ ಮೆಟ್ಟಿಲೇ ಹತ್ತಿದವನಲ್ಲ. ಟೆಂಡರ್ ಹಾಕೋರೆಲ್ಲರ ಹತ್ರ ಅಡ್ವಾನ್ಸ್ ತಗೋತೀನಿ. ಯಾರೋ ಒಬ್ಬರಿಗೆ ಸಿಕ್ಕೇ ಸಿಗುತ್ತೆ, ಅವರದು ಇಟ್ಕೊಂಡು ಮಿಕ್ಕೋರಿಗೆ ವಾಪಸ್ ಕೊಟ್ಬಿಡ್ತೀನಿ. ಈ ಸಲ ಕೊಡದೇ ಇದ್ದೋರು ನೀವೊಬ್ಬರೇ, ಗೆದ್ದೋರೂ ನೀವೇ. ಎಲ್ಲರಿಗೂ ವಾಪಸ್ ಕೊಟ್ಟು ಬಂದೆ."

ಅವನು ಆಫೀಸಿನವನಲ್ಲವೆಂದು ಖಾತ್ರಿಯಾದ ಮೇಲೆ ಯಜಮಾನರು ಅವನಿಗೆ ಕಾಫಿ ತರಿಸಿದರು. ಅವನು ಒಂದು ಗುಟುಕು ಕುಡಿದು ನಿಟ್ಟುಸಿರು ಬಿಟ್ಟ:

"ನಿಮ್ಮಂಥ ಪ್ರಾಮಾಣಿಕರು ಹೀಗೆ ಮಾಡಿದ್ರೆ, ನಮ್ಮಂಥ ಪ್ರಾಮಾಣಿಕರು ಬದುಕೋದು ಹೇಗೆ ಸಾರ್?"