ಕಾಲು ಸೀರೆಗೆ ಪೂರ್ತಿ ಪಟ್ಟಿ

ಒಂದು ಪಟ್ಟಿಗೆ ಬಣ್ಣ ಬಳಿದು, ಅದನ್ನೇ ಕೆಲಸವೆಂದು ಹೇಳಿಕೊಂಡು ಸಂಬಳ ಪಡೆಯುವವನು ನಾನು. ವೆಬ್ ಪುಟದಲ್ಲಿ ಕೆಲಸ ಎಷ್ಟಾಯಿತೆಂದು ತೋರಿಸುತ್ತ ಎಡದಿಂದ ಬಲಕ್ಕೆ ತುಂಬಿಕೊಳ್ಳುತ್ತದಲ್ಲ, ಆ ಪಟ್ಟಿ. ಇದರ ಬಣ್ಣಕ್ಕಾಗಿ ಪ್ರತಿಯೊಂದು ಬ್ರೌಸರಿಗೂ ಬೇರೆ ಬೇರೆ ಅರ್ಜಿ ಹಾಕಬೇಕು. ಒಂದಕ್ಕೆ ಬರೆದ ಸಿಎಸ್ಎಸ್ ಎಂಬ ಬಣ್ಣದ ಸೂಚನೆ ಇನ್ನೊಂದರ ಕಿವಿಗೇ ಬೀಳುವುದಿಲ್ಲ. ದೊಡ್ಡವರ ಮನೆಯ ವಿಷಯ; ಯಾಕೆಂದು ನಾವು ಕೇಳಬಾರದು.

ತಮಿಳುನಾಡಿನ ಸಿರುಮುಗೈಯ ಸರಸಕ್ಕ ರೇಷ್ಮೆ ಸೀರೆ ನೇಯುವವರು. ಸೀರೆ ಎಷ್ಟು ನೇಯ್ದಾಯಿತೆಂದು ಗಿರಾಕಿಗಳು ಮನೆಯಿಂದಲೇ ನೋಡಲಿ ಎಂದು ಅವರ ಪುಟದಲ್ಲಿ ಅಂಥದೊಂದು ಪಟ್ಟಿ ಇಟ್ಟವನು ನಾನೇ. ನನ್ನ ಬ್ರೌಸರಿನಲ್ಲಿ ತುಂಬಿದ ಭಾಗ ಕುಂಕುಮ ಬಣ್ಣ, ಉಳಿದದ್ದು ಬಿಳಿ. ಬಹಳ ಸೊಗಸು. ಇನ್ನೊಂದು ಬ್ರೌಸರಿಗೂ ಬರೆದೆ, ತೆರೆದು ಮಾತ್ರ ನೋಡಲಿಲ್ಲ. ಅಲ್ಲಿ ತುಂಬಿದ ಭಾಗಕ್ಕೂ ಖಾಲಿ ಭಾಗಕ್ಕೂ ನಾನು ಉದಾರವಾಗಿ ಕುಂಕುಮವನ್ನೇ ಬಳಿದಿದ್ದೆ.

ಶುಕ್ರವಾರ ಬೆಳಿಗ್ಗೆ ಸೀರೆಗಳ ಫೋಟೊ ತೆಗೆಯಲು ನಾನು ಸರಸಕ್ಕನ ಮನೆಯಲ್ಲೇ ಇದ್ದೆ. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಮದುವೆ ಸೀರೆ ನೇಯಲು ಹೇಳಿದ್ದ ಮದುಮಗಳ ತಾಯಿ ಕೊಯಮತ್ತೂರಿನಿಂದ ಬಂದಿಳಿದರು. ಮಗ್ಗದ ಮೇಲೆ ಕಾಲುಭಾಗ ಸೀರೆ. ಅವರ ಫೋನಿನಲ್ಲಿ ಪಟ್ಟಿ ಈ ತುದಿಯಿಂದ ಆ ತುದಿವರೆಗೆ ಕೆಂಪು.

"ಮುಗಿದ ಸೀರೆ ಎಲ್ಲಿ ಸರಸಕ್ಕಾ? ನಮ್ಮದನ್ನ ಬೇರೆ ಯಾರಿಗೋ ಕೊಟ್ಟು, ನಮಗೆ ಹೊಸದಾಗಿ ಶುರು ಮಾಡಿದೀರಾ?"

ಒಬ್ಬರ ಸೀರೆಯನ್ನು ಇನ್ನೊಬ್ಬರಿಗೆ ಕೊಟ್ಟರೆಂಬ ಕೆಟ್ಟ ಹೆಸರು ಸರಸಕ್ಕನಿಗೆ ಇಷ್ಟು ವರ್ಷದಲ್ಲಿ ಬಂದಿರಲಿಲ್ಲ. ಲಾಳಿ ಹಿಡಿದ ಕೈ ಹಾಗೇ ನಿಂತಿತು. "ಅಯ್ಯೋ ಕಡವುಳೇ! ತರಿ ಮೇಲೆ, ಈ ಮಗ್ಗದ ಮೇಲೆ ಇರೋದು ನಿಮ್ಮ ಸೀರೆ ತಾನೇ ಅಮ್ಮಾ. ಕಣ್ಣಾರೆ ನೋಡಿ."

"ಫೋನಲ್ಲಿ ಮುಗಿದಿದೆ."

ಎದುರಿಗೇ ಮಗ್ಗವಿದ್ದರೂ ಆಕೆ ನನ್ನ ಪಟ್ಟಿಯನ್ನೇ ನಂಬಿದರು. ನನ್ನ ವೃತ್ತಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕೆ? ಫೋನು ಕೇಳಿ ನೋಡಿದೆ: ನಾನು ತೆರೆದು ನೋಡದ ಆ ಇನ್ನೊಂದು ಬ್ರೌಸರು. "ತಪ್ಪು ನನ್ನದು" ಎಂದೆ. ಲ್ಯಾಪ್‌ಟಾಪ್ ತೆರೆದು ಖಾಲಿ ಭಾಗವನ್ನು ಬಿಳಿ ಮಾಡಿದೆ. ಪುಟವನ್ನು ಮತ್ತೆ ತೆರೆದಾಗ ಪಟ್ಟಿ ಕಾಲುಭಾಗಕ್ಕೆ ಇಳಿದಿತ್ತು. ಆಕೆ ಫೋನು ನೋಡಿದರು, ಮಗ್ಗ ನೋಡಿದರು, ಆಮೇಲೆ ಮುಗಿದ ಸೀರೆಯನ್ನು ನಾನೇ ಕೂತು ಬಿಚ್ಚಿಹಾಕಿದೆನೇನೋ ಎಂಬಂತೆ ನನ್ನನ್ನು ನೋಡಿದರು.

"ಮುಹೂರ್ತಕ್ಕೆ ಸಿಗುತ್ತಾ ಅಕ್ಕಾ?" ದನಿ ಈಗ ಮೆತ್ತಗಾಗಿತ್ತು.

"ಮಗಳು ಇದನ್ನೇ ಉಟ್ಟು ಮಣೆ ಮೇಲೆ ಕೂತ್ಕೋತಾಳೆ. ಕವಲೆ ಬೇಡ, ಚಿಂತೆ ಬಿಟ್ಟು ಹೋಗಿ ಬನ್ನಿ."

ಅವರು ಹೋದ ಮೇಲೆ ನಾನು ಗಂಟಲು ಸರಿಮಾಡಿಕೊಂಡೆ. "ಅಕ್ಕಾ, ಎಲ್ಲ ಸರಿಹೋಯಿತು. ನನ್ನ ಕೆಲಸ ಪೂರ್ತಿ ಮುಗಿಯಿತು."

ಸರಸಕ್ಕ ಮಗ್ಗದಿಂದ ತಲೆಯೆತ್ತಲಿಲ್ಲ. "ಯಾರ ಫೋನಲ್ಲಿ, ತಂಬಿ?"