ಸೋದರಳಿಯನ ಪೆನಾಲ್ಟಿ

ಇಷ್ಟಕ್ಕೆಲ್ಲ ಕಾರಣ ಫ್ಲೆಕ್ಸ್ ಅಂಗಡಿಯವನು ಕೇಳಿದ ಒಂದು ಮಾತು.

“ನಿಮ್ಮ ಫೋಟೋ ಕೆಳಗೆ ಏನಂತ ಹಾಕ್ಲಿ ಅಣ್ಣಾ?”

ಹರಿಹರದ ಭರಮಣ್ಣನಿಗೆ ಅರವತ್ತೆರಡು ವರ್ಷವಾಗುವ ತನಕ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಫ್ಲೆಕ್ಸಿನ ನಡುವೆ ಅವನ ತಂಗಿ ಯಶೋದೆಯ ಮಗ ಅಂಜನಕುಮಾರ ಚೆಂಡಿನ ಮೇಲೆ ಕಾಲಿಟ್ಟು ನಿಂತಿದ್ದ. ‘ಇಂಗ್ಲೆಂಡ್ ಲೀಗಿನ ಹೆಮ್ಮೆಯ ಸ್ಟ್ರೈಕರ್‌ಗೆ ತಾಯಿಯ ತವರೂರಿನ ಸ್ವಾಗತ’ ಎಂದು ಮೇಲೆ ಬರೆದಿತ್ತು. ಕೆಳಗೆ ಸಾಲಾಗಿ ಹನ್ನೆರಡು ಮುಖ. ಒಂದು ಮುಖದ ಅಡಿ ಸಮಾಜ ಸೇವಕರು, ಇನ್ನೊಂದರ ಅಡಿ ಯುವ ಮುಖಂಡರು. ಬಟ್ಟೆ ಅಂಗಡಿಯ ಬಕ್ಕೇಶಪ್ಪನ ಮುಖದ ಅಡಿ ಸ್ವಾಗತ ಸಮಿತಿ ಅಧ್ಯಕ್ಷರು. ಭರಮಣ್ಣ ಮೂವತ್ತನಾಲ್ಕು ವರ್ಷ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಉಪ್ಪಿಟ್ಟು ಕೆದಕಿದವನು. ಉಪ್ಪಿಟ್ಟನ್ನು ಫ್ಲೆಕ್ಸಿನ ಮೇಲೆ ಹಾಕಿಸಲಾದೀತೆ?

ಆಗ ಅವನಿಗೆ ಎಂಬತ್ತೆಂಟನೇ ಇಸವಿ ನೆನಪಾಯಿತು. ಫ್ಯಾಕ್ಟರಿಯ ವಾರ್ಷಿಕೋತ್ಸವದಲ್ಲಿ ಫುಟ್ಬಾಲ್ ನಡೆದಾಗ ಗೋಲ್‌ಕೀಪರ್ ವಾಂತಿ ಮಾಡಿಕೊಂಡು ಮಲಗಿದ್ದ. ಟೀ ಕೊಡಲು ಹೋಗಿದ್ದ ಭರಮಣ್ಣನನ್ನು ಹಿಡಿದು ಹದಿನೈದು ನಿಮಿಷ ಕಂಬಗಳ ನಡುವೆ ನಿಲ್ಲಿಸಿದ್ದರು. ಚೆಂಡು ಆ ಹದಿನೈದು ನಿಮಿಷ ಅವನ ಕಡೆ ತಲೆಹಾಕಿರಲಿಲ್ಲ.

“ಮಾಜಿ ಗೋಲ್‌ಕೀಪರ್ ಅಂತ ಹಾಕಪ್ಪಾ” ಅಂದ.

ಅಂಜನಕುಮಾರ ಹುಟ್ಟಿದ್ದು ಬೆಳೆದದ್ದು ಇಂಗ್ಲೆಂಡಿನಲ್ಲೇ. ಯಶೋದೆ ನರ್ಸ್ ಆಗಿ ಅಲ್ಲಿಗೆ ಹೋದವಳು. ಹುಡುಗ ಹದಿನೇಳಕ್ಕೆ ಅಲ್ಲಿನ ನಾಲ್ಕನೇ ದರ್ಜೆಯ ಲೀಗಿಗೆ ಸೇರಿ, ಮೂರನೆಯದಕ್ಕೆ ಏರಿ, ಎರಡನೆಯದರಲ್ಲಿ ಎರಡು ವರ್ಷ ಆಡಿ, ಕಣಕಾಲು ಮುರಿದುಕೊಂಡು ಮತ್ತೆ ಮೂರಕ್ಕೆ ಇಳಿದವನು. ಹದಿನಾರು ವರ್ಷ, ಎಂಟು ಕ್ಲಬ್ಬು, ನೂರ ಇಪ್ಪತ್ತೇಳು ಗೋಲು. ಒಮ್ಮೆ ಕಪ್ ಪಂದ್ಯವೊಂದರಲ್ಲಿ, ಕೆಸರಿನ ಮೈದಾನದಲ್ಲಿ, ಮೊದಲನೇ ದರ್ಜೆಯ ಟೀಮಿನ ವಿರುದ್ಧ ಕೊನೆ ಗಳಿಗೆಯಲ್ಲಿ ತಲೆಯಿಂದ ಚೆಂಡನ್ನು ಒಳಕ್ಕೆ ತಳ್ಳಿದ್ದ. ಆ ವಿಡಿಯೋ ಬಂದ ದಿನ ಭರಮಣ್ಣನ ಹೆಂಡತಿ ದುರುಗಮ್ಮ ಮೊಬೈಲಿಗೇ ಆರತಿ ಎತ್ತಿದ್ದಳು.

ಈ ಸುದ್ದಿಯನ್ನೆಲ್ಲ ಭರಮಣ್ಣ ದಿನಾ ಸಂಜೆ ಬಕ್ಕೇಶಪ್ಪನ ಅಂಗಡಿ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ. ಬಕ್ಕೇಶಪ್ಪ ನಂಬುತ್ತಿರಲಿಲ್ಲ.

“ಅಂಥಾ ಆಟಗಾರ ಆದ್ರೆ ಟಿವಿನಾಗೆ ಯಾಕ ಕಾಣವಲ್ಲ?”

“ಇಲ್ಲಿ ಮೇಲಿನ ಲೀಗು ಅಷ್ಟೇ ತೋರಿಸ್ತಾರ್ರಿ.”

“ಎಂಟು ಕಡೆ ಬದ್ಲಿ ಆಗೈತೆ ಅಂತೀಯಾ. ಎಲ್ಲೂ ನಿಲ್ಲವಲ್ಲ ಅಂದ್ರೆ ಜಗಳಗಂಟ ಇರ್ಬೇಕು.”

“ಅಯ್ಯೋ, ನಮಗೆ ಬೇಕು ನಮಗೆ ಬೇಕು ಅಂತ ಕರ್ಕೊಂಡು ಹೋಗ್ತಾರ್ರಿ. ಎರಡು ಸಲ ಎರವಲು ಬೇರೆ ಒಯ್ದಾರೆ.”

“ಎರವಲು ಒಯ್ಯಾಕೆ ಅವನೇನು ಇಡ್ಲಿ ಪಾತ್ರೆ ಏನೋ?”

ಕಟ್ಟೆಯೆಲ್ಲ ನಕ್ಕಿತ್ತು. ಅಳಿಯ ಬರುವುದು ಖಾತ್ರಿಯಾದಾಗ ಬಕ್ಕೇಶಪ್ಪನೇ ಬಾಜಿ ಕಟ್ಟಿದ. “ಭಾನುವಾರ ಮೈದಾನದಾಗೆ ನಮ್ಮ ಕೀಪರ್ ಮುಂದೆ ಗೋಲು ಹೊಡೀಲಿ. ಹೊಡೆದ್ರೆ ಅವನ ಫೋಟೋ ನನ್ನ ಅಂಗಡಿ ಗೋಡೆ ಮ್ಯಾಲೆ. ಹೊಡೀದಿದ್ರೆ ಇನ್ನು ಮುಂದೆ ಈ ಕಟ್ಟೆ ಮ್ಯಾಲೆ ಇಂಗ್ಲೆಂಡ್ ಸುದ್ದಿ ತೆಗೀಬಾರ್ದು ನೀನು.”

“ಆಗ್ಲಿ ಬಿಡ್ರಿ” ಅಂದ ಭರಮಣ್ಣ. ಅಂಗಡಿ ಗೋಡೆಯಲ್ಲಿ ಫೋಟೋ ಎಲ್ಲಿಗೆ ಬಂದರೆ ಚೆನ್ನ ಎಂದು ಆಗಲೇ ಜಾಗ ನೋಡಿಕೊಂಡೂ ಬಿಟ್ಟ.

ಭಾನುವಾರ ಬೆಳಿಗ್ಗೆ ದಾವಣಗೆರೆ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದ ಆರಡಿ ಅಂಜನಕುಮಾರ ನೆಟ್ಟಗೆ ಬಂದು ಮಾವನ ಕಾಲಿಗೆ ಬಿದ್ದ. ಎದ್ದವನೇ ಗಲ್ಲದ ಮೇಲೆ ಕೈಯಿಟ್ಟುಕೊಂಡ.

“ಅಯ್ಯೋ ನನ್ನ ಶಿವನೇ, ಎಷ್ಟು ಸೊರಗೀರಿ ಮಾವಾ! ಹೊತ್ತೊತ್ತಿಗೆ ಉಣ್ಣಲ್ವಾ?”

ಸಮಿತಿಯವರೆಲ್ಲ ಮುಖ ಮುಖ ನೋಡಿಕೊಂಡರು. ಅವನಿಗೆ ಬರುತ್ತಿದ್ದ ಕನ್ನಡವೆಲ್ಲ ತಾಯಿ ಕಲಿಸಿದ್ದು. ಅಡುಗೆಮನೆಯಿಂದ ಆಚೆ ಬರದ ಕನ್ನಡ. ಗಡ್ಡ ಬಿಟ್ಟ ಗಟ್ಟಿ ಆಳಿನ ಬಾಯಲ್ಲಿ ಅದು, ಲಾರಿಗೆ ಸೈಕಲ್ ಬೆಲ್ಲು ಹಾಕಿದ ಹಾಗಿತ್ತು.

“ನಮ್ಮ ದೊಡ್ಡಮ್ಮ ಮಾತಾಡಿದಂಗೇ ಆತಲ್ಲೋ” ಎಂದು ಬಕ್ಕೇಶಪ್ಪ ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟಿದ.

ದಾವಣಗೆರೆಗೆ ಇಳಿದ ಮೇಲೆ ಬೆಣ್ಣೆದೋಸೆ ತಪ್ಪುವ ಹಾಗಿರಲಿಲ್ಲ. ಹೋಟೆಲಿನಲ್ಲಿ ಭರಮಣ್ಣ ಎರಡು ತಿಂದು ಎಲೆಯ ಮೇಲೆ ಕೈ ಅಡ್ಡ ಹಿಡಿದ. “ಸಾಕು, ಸಾಕು, ಬ್ಯಾಡ್ರಿ!” ಬಕ್ಕೇಶಪ್ಪ ಆ ಕೈಯನ್ನು ಸರಿಸಿ ಮೂರನೆಯದನ್ನು ಹಾಕಿಸಿದ. ಭರಮಣ್ಣ ಅದನ್ನೂ ನಿಧಾನವಾಗಿ ಮುಗಿಸಿದ.

ಅಳಿಯನಿಗೆ ಸೋಜಿಗವಾಯಿತು. “ಬ್ಯಾಡ ಅಂದ್ರಿ, ಮತ್ತೆ ತಿಂದ್ರಲ್ಲ ಮಾವಾ?”

“ದೊಡ್ಡೋರು ಬ್ಯಾಡ ಅಂದ್ರೆ ಬ್ಯಾಡ ಅಂತ ಅಲ್ಲಪ್ಪ” ಎಂದು ಭರಮಣ್ಣ ಕೈ ತೊಳೆಯುತ್ತ ತಿಳಿಸಿಕೊಟ್ಟ. “ಅದು ಉಪಚಾರ. ನಾವು ಬಾಯಿ ಬಿಟ್ಟು ಕೇಳಬಾರ್ದು, ಕಿರಿಯರು ಅರ್ಥ ಮಾಡ್ಕೊಂಡು ಕೊಡ್ಬೇಕು. ನಮ್ಮ ಕಡೆ ರೀತಿ ಇದು. ನೆನಪಿಟ್ಕೋ.”

“ಹ್ಞೂ ಮಾವಾ” ಎಂದು ಅಂಜನಕುಮಾರ ತಲೆಯಾಡಿಸಿದ. ಕೋಚು ಹೇಳಿದ್ದನ್ನು ಹದಿನಾರು ವರ್ಷ ಚಾಚೂ ತಪ್ಪದೆ ಪಾಲಿಸಿದ ಹುಡುಗ ಅವನು.

ಹರಿಹರದಲ್ಲಿ ತೆರೆದ ಜೀಪಿನ ಮೆರವಣಿಗೆ ಹೊರಟಿತು. ತಲೆಗೆ ಪೇಟ, ಹೆಗಲಿಗೆ ಶಾಲು, ಪಕ್ಕದಲ್ಲಿ ಮಾವ. ಸೇತುವೆ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಭರಮಣ್ಣ ಒಂದು ಕೈಯಲ್ಲಿ ಅಳಿಯನ ಪೇಟ ಹಿಡಿದು ಇನ್ನೊಂದರಲ್ಲಿ ಜನಕ್ಕೆ ಕೈ ಬೀಸುತ್ತಿದ್ದ. ತಾನು ಉಪ್ಪಿಟ್ಟು ಬಡಿಸಿದ ಕೈಗಳೆಲ್ಲ ಬೀದಿಯ ಎರಡೂ ಬದಿ ನಿಂತು ಚಪ್ಪಾಳೆ ತಟ್ಟುತ್ತಿದ್ದವು. ಅವನ ಎದೆ ಎಷ್ಟು ಉಬ್ಬಿತ್ತೆಂದರೆ ಅಂಗಿಯ ಎರಡನೇ ಗುಂಡಿ ಅದನ್ನು ಬಹಳ ಹೊತ್ತು ತಡೆಯುವಂತಿರಲಿಲ್ಲ.

ಮೈದಾನದ ಬಾಗಿಲಲ್ಲಿ ಜೆಸಿಬಿಯೊಂದು ಸೇಬಿನ ಹಾರ ಎತ್ತಿಕೊಂಡು ನಿಂತಿತ್ತು. ಹಾರವೆಂದರೆ ಒಂದು ಬಂಡಿ ಸೇಬು. ಕೆಳಗೆ ನಿಂತಿದ್ದವನು ಕೀಪರ್ ಮುದಸ್ಸಿರ್, ಹತ್ತಿರದ ಕರೂರು ಕೈಗಾರಿಕಾ ಪ್ರದೇಶದ ಫ್ಯಾಕ್ಟರಿ ಟೀಮಿನವನು. ಅವನನ್ನು ದಾಟಿ ಗೋಲು ಹೊಡೆಯುವುದು ಸುಲಭವಲ್ಲ ಎಂದು ಜಿಲ್ಲೆಗೆಲ್ಲ ಗೊತ್ತು. ಜೆಸಿಬಿ ಹಾರವನ್ನು ಇಳಿಸುವಾಗ ಹಗ್ಗ ಪಟ್ಟನೆ ಹರಿಯಿತು. ಸೇಬುಗಳು ಆಲಿಕಲ್ಲಿನಂತೆ ಸುರಿದವು. ಮಿಕ್ಕವರೆಲ್ಲ ತಲೆ ಮುಚ್ಚಿಕೊಂಡು ಓಡಿದರೆ ಮುದಸ್ಸಿರ್ ಒಬ್ಬ ಮಾತ್ರ ಕೀಪರ್ ಗುಣ ಬಿಡದೆ ಅವುಗಳನ್ನು ಹಿಡಿಯಲು ಹಾರಿದ. ಎರಡು ಸೇಬು ಸಿಕ್ಕಿದವು, ಬಲಗೈ ಮಣಿಕಟ್ಟು ಉಳುಕಿತು.

“ಕೈ ಎತ್ತಾಕೇ ಆಗವಲ್ದಣ್ಣ” ಎಂದು ಅವನು ನೆಲದ ಮೇಲೆ ಕೂತ.

ಐನೂರು ಜನ ಕಾಯುತ್ತಿದ್ದಾರೆ, ಕೀಪರ್ ಇಲ್ಲ. ಬಕ್ಕೇಶಪ್ಪ ಸುತ್ತಲೂ ನೋಡಿದ. ಅವನ ಕಣ್ಣು ಗೇಟಿಗೆ ಕಟ್ಟಿದ್ದ ಫ್ಲೆಕ್ಸಿನ ಮೇಲೆ ನಿಂತಿತು. ಅಲ್ಲಿಂದ ನಿಧಾನವಾಗಿ ಭರಮಣ್ಣನ ಕಡೆ ತಿರುಗಿತು.

“ಮಾಜಿ ಗೋಲ್‌ಕೀಪರ್ರು ಇಲ್ಲೇ ಅದಾರಲ್ರಪ್ಪ!”

“ಅದು ಹಳೇ ಮಾತು ಬಿಡ್ರಿ” ಅಂದ ಭರಮಣ್ಣ. “ಮೊಣಕಾಲು ನೋವೈತೆ.”

“ಅಂದ್ರೆ ಬರ್ಸಿದ್ದು ಸುಳ್ಳೇನು? ಮಾವನದೇ ಸುಳ್ಳಾದ್ರೆ ಅಳಿಯಂದು ಹೆಂಗಪ್ಪ ನಂಬೋದು?”

ಜನ ಭರಮಣ್ಣನ ಮುಖ ನೋಡಿದರು. ತನ್ನ ಫೋಟೋದ ಕೆಳಗಿನ ಎರಡು ಪದ ಹದಿನಾರು ವರ್ಷದ ಸತ್ಯವನ್ನು ನುಂಗಲು ಹೊರಟಿವೆ ಎಂದು ಅವನಿಗೆ ಹೊಳೆಯಿತು. ಪಂಚೆ ಎತ್ತಿ ಕಟ್ಟಿದ. ಮುದಸ್ಸಿರನ ಕೈಗವಸು ತೊಟ್ಟುಕೊಂಡ.

ಕಂಬಗಳ ನಡುವೆ ನಿಂತಾಗ ಗೋಲು ಅವನಿಗೆ ಕಲ್ಯಾಣಮಂಟಪದ ಬಾಗಿಲಿನಷ್ಟು ಅಗಲ ಕಂಡಿತು. ಒಂದು ಕಡೆ ನೀರಿನ ಟ್ಯಾಂಕು, ಇನ್ನೊಂದು ಕಡೆ ಕರೀಂ ಸಾಬರ ಟೀ ಗಾಡಿ. ಹೀಗೆ ನಿಂತದ್ದೇ ಒಳ್ಳೆಯದಾಯಿತು ಎಂದು ಆಗ ತೋಚಿತು. ಕೀಪರ್ ತಾನೇ ಆದಮೇಲೆ ಗೋಲು ಹೋಗದೆ ಎಲ್ಲಿ ಹೋದೀತು? ಅಳಿಯನನ್ನು ಹತ್ತಿರ ಕರೆದ.

“ಅಂಜೀ, ಒಂದೇ ಒಂದು ಹೊಡಿ. ನಾನು ಟ್ಯಾಂಕಿನ ಕಡೆ ಬೀಳ್ತೀನಿ. ನೀನು ಟೀ ಗಾಡಿ ಕಡೆ ಹೊಡಿ. ನನಗೇನೂ ಬ್ಯಾಡಪ್ಪ, ನೀನು ಗೆಲ್ಬೇಕು ಅಷ್ಟೇ.”

“ನಿಮಗೇನೂ ಬ್ಯಾಡಾ ಮಾವಾ?”

“ಏನೂ ಬ್ಯಾಡ.”

ಅಂಜನಕುಮಾರ ಮಾವನ ಮುಖವನ್ನೇ ನೋಡಿದ. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಇಂಗ್ಲೆಂಡಿನಿಂದ ಯಶೋದೆ. “ಹ್ಞೂನಮ್ಮ... ಹ್ಞೂನಮ್ಮ... ಗೊತ್ತೈತಮ್ಮ” ಎಂದಷ್ಟೇ ಅಂದು ಅವನು ಫೋನನ್ನು ಗೆರೆಯಾಚೆ ನಿಂತಿದ್ದ ದುರುಗಮ್ಮನ ಕೈಗೆ ಕೊಟ್ಟ. ತಂಗಿ ಮಗನಿಗೆ ಆಶೀರ್ವಾದ ಮಾಡಿದಳು ಎಂದುಕೊಂಡ ಭರಮಣ್ಣ.

ಅಳಿಯ ಚೆಂಡನ್ನು ಪೆನಾಲ್ಟಿ ಚುಕ್ಕೆಯ ಮೇಲಿಟ್ಟ. ಹಿಂದಕ್ಕೆ ನಡೆದ. ಏನೋ ನೆನಪಾದವನಂತೆ ನಿಂತು, ಮತ್ತೆ ಗೋಲಿನ ತನಕ ಓಡಿಬಂದು, ದೊಡ್ಡವರ ಕಡೆ ಕಾಲು ಎತ್ತುವುದಕ್ಕೆ ಕ್ಷಮೆ ಕೇಳುವಂತೆ ಕೀಪರನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಮೈದಾನ ಸಿಳ್ಳೆ ಹೊಡೆಯಿತು.

“ಇಂಥಾ ಸ್ಟ್ರೈಕರ್ರನ್ನ ನಾನು ಎಲ್ಲೂ ನೋಡಿಲ್ಲ ಭಾಯ್” ಅಂದರು ಕರೀಂ ಸಾಬ್, ಗಾಡಿಯ ಗ್ಲಾಸುಗಳನ್ನು ಹುಷಾರಾಗಿ ಒಳಗೆ ಸರಿಸುತ್ತ.

ಅಳಿಯ ಓಡಿ ಬಂದ. ಭರಮಣ್ಣ ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಆಡಿದ ಮಾತಿನಂತೆ ಟ್ಯಾಂಕಿನ ಕಡೆ ಅಕ್ಕಿಮೂಟೆಯ ಹಾಗೆ ಉರುಳಿದ. ಧಬ್ ಎಂದು ಹೊಟ್ಟೆಗೆ ಏನೋ ಬಡಿಯಿತು. ಕಣ್ಣು ಬಿಟ್ಟು ನೋಡಿದರೆ ಚೆಂಡು! ಮೊಟ್ಟೆಗೆ ಕೂತ ಕೋಳಿಯಂತೆ ಅವನು ಅದರ ಮೇಲೆ ಬೋರಲಾಗಿದ್ದ.

ಮೈದಾನದಲ್ಲಿ ಎದ್ದ ಕೂಗು ಪಕ್ಕದ ಗುತ್ತೂರಿಗೂ ಕೇಳಿಸಿರಬೇಕು.

“ಇದು ಲೆಕ್ಕಕ್ಕೆ ಸೇರಂಗಿಲ್ಲ! ಇನ್ನೊಂದು ಹೊಡೀಲಿ! ಇನ್ನೊಂದು!” ಎಂದು ಭರಮಣ್ಣ ಅರಚಿದ.

“ಇನ್ನೊಂದು ಕೇಳ್ತಾನಲ್ಲೋ ಮುದುಕ! ಏನು ಧೈರ್ಯ ನೋಡು!” ಎಂದು ಜನ ಒಳನುಗ್ಗಿ ಅವನನ್ನು ಹೆಗಲ ಮೇಲೆ ಎತ್ತಿದರು. ಎತ್ತಿದ ಹೆಗಲುಗಳಲ್ಲಿ ಒಂದು ಅಳಿಯನದೇ. ಮೇಲಿನಿಂದಲೇ ಭರಮಣ್ಣ ಗೋಗರೆದ. “ಬಕ್ಕೇಶಪ್ಪನೋರೇ, ಅವನು ಎಂಥಾ ಆಟಗಾರ ಅಂದ್ರೆ...”

“ಗೊತ್ತಾತು ಬಿಡು. ಕಣ್ಣಾರೆ ನೋಡಿದ್ವಲ್ಲ” ಅಂದ ಬಕ್ಕೇಶಪ್ಪ. “ಉಪ್ಪಿಟ್ಟು ಭರಮಣ್ಣನ್ನ ದಾಟಾಕೆ ಆಗ್ಲಿಲ್ಲ!”

ಸಂಜೆ ಮನೆಯಲ್ಲಿ ದುರುಗಮ್ಮ ಗಂಡನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಭರಮಣ್ಣ ಅಳಿಯನ ಕಡೆ ನೋಡದೆ ಕೇಳಿದ. “ಟೀ ಗಾಡಿ ಕಡೆ ಅಂದಿದ್ದೆ. ಮರ್ತೆ ಏನಪ್ಪಾ?”

“ಇಲ್ಲ ಮಾವಾ. ಸರಿಯಾಗಿ ನೆನಪಿತ್ತು.”

“ಮತ್ತೆ?”

“ದೊಡ್ಡೋರು ಬ್ಯಾಡ ಅಂದ್ರೆ ಬ್ಯಾಡ ಅಂತ ಅಲ್ಲ ಅಂತ ನೀವೇ ಹೇಳಿದ್ರಲ್ಲ, ಕಿರಿಯರು ಅರ್ಥ ಮಾಡ್ಕೊಬೇಕು ಅಂತ. ಎತ್ತ ಬೀಳ್ತೀನಿ ಅಂತಾನೂ ಹೇಳಿದ್ರಿ. ಅಲ್ಲಿಗೇ ಹೊಡೆದೆ. ನೀವು ಕೀಪರ್ ಆದ ಸುದ್ದಿ ಅತ್ತೆ ಅಮ್ಮಂಗೆ ಮುಟ್ಟಿಸಿದ್ರು. ಅಮ್ಮನೂ ಫೋನ್‌ನಾಗೆ ಅದೇ ಅಂದ್ಲು, ಊರ ಮುಂದೆ ನಮ್ಮಣ್ಣನ್ನ ಸೋಲಿಸಿ ಬಂದ್ರೆ ಬಾಗಿಲು ತೆಗೆಯಂಗಿಲ್ಲ ಅಂತ.” ಅವನು ನಾಚಿಕೊಂಡು ನಕ್ಕ. “ಉರುಳಿ ಬರೋ ಮನುಷ್ಯನ ಹೊಟ್ಟೆಗೆ ಸರಿಯಾಗಿ ಮುಟ್ಟಿಸೋದು ಸುಲಭ ಅಲ್ಲ ಮಾವಾ. ಹದಿನಾರು ವರ್ಷದಾಗೆ ನಾನು ಹೊಡೆದ ಚಂದದ ಏಟು ಅದೇ.”

ಭರಮಣ್ಣ ಅಳಿಯನ ಕಡೆ ತಿರುಗಿ ಕೂತ. ಐನೂರು ಜನ ನೋಡಿದ ಆ ಏಟು ಎಂಥದೆಂದು ಊರಲ್ಲಿ ಗೊತ್ತಿರುವುದು ಈಗ ತಮ್ಮ ಮನೆಯವರಿಗೆ ಮಾತ್ರ. ಅದನ್ನು ಕಟ್ಟೆಯ ಮೇಲೆ ಹೇಳುವ ಹಾಗೂ ಇಲ್ಲ.

ಆಗಲೇ ಬಕ್ಕೇಶಪ್ಪ ಬಾಗಿಲಿಗೆ ಬಂದು ನಿಂತ. “ಭರಮಣ್ಣ, ಹೊಸ ಫ್ಲೆಕ್ಸಿಗೆ ಹೇಳೀನಿ. ಹರಿಹರದ ಹುಲಿ ಅಂತ ನಡುವೆ ನಿಂದು ದೊಡ್ಡ ಫೋಟೋ. ನನ್ನ ಅಂಗಡಿ ಗೋಡೆ ಮ್ಯಾಲೂ ನಿಂದೇ. ಬರೋ ಭಾನುವಾರ ಪಕ್ಕದ ಸಾರಥಿ ಊರಿನ ಟೀಮು ನಮ್ಮೂರಿಗೆ ಆಡಾಕೆ ಬರ್ತೈತೆ. ಮುದಸ್ಸಿರ್‌ಗೆ ಕೈ ನೋವು, ಕೀಪರ್ ನೀನೇ. ಹೆಸರು ಕೊಟ್ಟಾತು.”

“ಬ್ಯಾಡ್ರಿ! ಖರೇನೇ ಬ್ಯಾಡ್ರಿ!” ಎಂದು ಭರಮಣ್ಣ ಕೈ ಅಡ್ಡ ಹಿಡಿದ.

“ದೊಡ್ಡ ಮನುಷ್ಯರು ಬ್ಯಾಡ ಅನ್ನೋದು ಇದ್ದದ್ದೇ” ಎಂದು ಬಕ್ಕೇಶಪ್ಪ ಆ ಕೈಯನ್ನು ಸರಿಸಿದ. ಆಮೇಲೆ ಅಂಜನಕುಮಾರನ ಕಡೆ ತಿರುಗಿದ. “ಕೆಳಗೆ ಮೂಲೆನಾಗೆ ನಿಂದೂ ಒಂದು ಸಣ್ಣ ಫೋಟೋ ಐತಪ್ಪ. ಅದರ ಕೆಳಗೆ ಏನಂತ ಹಾಕಿಸ್ಲಿ?”

ಭರಮಣ್ಣ ಮೂರು ಲೀಗು, ಎಂಟು ಕ್ಲಬ್ಬು, ನೂರ ಇಪ್ಪತ್ತೇಳು ಗೋಲು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಳಿಯ ಎದ್ದು ನಿಂತು ಕೈ ಮುಗಿದಿದ್ದ.

“ಭರಮಣ್ಣನ ಸೋದರಳಿಯ ಅಂತ ಹಾಕ್ಸ್ರಿ. ಅಷ್ಟು ಸಾಕು.”

ಭರಮಣ್ಣ ತೆರೆದ ಬಾಯನ್ನು ಹಾಗೇ ಮುಚ್ಚಿದ. ಕಣ್ಣು ತೇವವಾಯಿತು. ಪಕ್ಕಕ್ಕೆ ತಿರುಗಿ, ಇನ್ನೊಂದು ಮೊಣಕಾಲನ್ನೂ ಹೆಂಡತಿಯ ಮುಂದೆ ಚಾಚಿದ.

“ಇದಕ್ಕೂ ತಿಕ್ಕೇ. ಭಾನುವಾರಕ್ಕೆ ಎರಡೂ ಬೇಕು.”