ವಿಭೂತಿ ಬಳಿದ ನಳಿಗೆ

ತಪ್ಪು ಮಾಡಿದವರನ್ನು ಹಿಡಿಯುವುದರಲ್ಲಿ ನಾನು ಬಲು ಚುರುಕು. ಮನೆಯಲ್ಲಿ ಹಾಲು ಉಕ್ಕಿದರೆ ಯಾರು ಕಾರಣವೆಂದು ತಕ್ಷಣ ಹೇಳಬಲ್ಲೆ. ಒಲೆ ಆರಿಸುವ ಕೆಲಸ ಮಾತ್ರ ಹೆಂಡತಿಗೇ ಉಳಿಯುತ್ತದೆ.

ತಾಳವಾಡಿಯ ಹತ್ತಿರದ ನಮ್ಮ ಮನೆಯಲ್ಲಿ ಮಾಂಸ ಮುಟ್ಟುವವರಿಲ್ಲ. ಆದರೂ ತಾತನ ಕಾಲದ್ದೊಂದು ಕೋವಿ ಇತ್ತು. ಆಲೂಗೆಡ್ಡೆ ಹೊಲಕ್ಕೆ ನುಗ್ಗುವ ಹಂದಿಗಳನ್ನು ಹೆದರಿಸಲು ಆಕಾಶಕ್ಕೆ ಹೊಡೆಯುವುದಷ್ಟೇ ಅದರ ಉದ್ಯೋಗ. ನಡುವೆ ಅಪ್ಪ ಅದನ್ನೂ ಬಿಟ್ಟು ತಮಟೆ ಬಡಿಯತೊಡಗಿದರು, ವೈರಾಗ್ಯ ಬಂದಿರಬೇಕೆಂದುಕೊಂಡಿದ್ದೆ. ಆಯುಧಪೂಜೆಗೆ ಮಾತ್ರ ಕೋವಿ ಇಳಿಸಿ, ನಳಿಗೆಯ ಒಂದೇ ಜಾಗಕ್ಕೆ ವಿಭೂತಿ ಬಳಿಯುತ್ತಿದ್ದರು. ಒರೆಸಲು ಯಾರನ್ನೂ ಬಿಡುತ್ತಿರಲಿಲ್ಲ. ಅದು ಗೋಡೆಯ ಸುಣ್ಣದಂತೆ ಗಟ್ಟಿಯಾಗಿತ್ತು.

ಎಂಬತ್ತು ವಯಸ್ಸಿನ ಸುಮಾರಿಗೆ ಅಪ್ಪನ ಕಣ್ಣು ಮಂಜಾಗಿ ಕೋವಿ ನನ್ನ ಕೈಗೆ ಬಂತು. "ಜ್ವಾಪಾನ ಕಣ್ಲಾ" ಎಂದಷ್ಟೇ ಹೇಳಿದರು. ಕೀಲು ಸಡಿಲವಾಗಿದೆಯೆಂದು ಚಾಮರಾಜನಗರದ ಕೋವಿ ರಿಪೇರಿ ಆಚಾರಿಗೆ ಕೊಟ್ಟೆ. ವಾರ ಬಿಟ್ಟು ಹೋದರೆ ಕೋವಿ ಮದುಮಗನಂತೆ ಹೊಳೆಯುತ್ತಿತ್ತು. ಆದರೆ ನಳಿಗೆಯ ನಡುವೆ ಹೆಬ್ಬೆರಳು ಕೂರುವಷ್ಟು ನೆಗ್ಗು.

"ಇದು ಮೊದ್ಲಿಂದ್ಲೂ ಇತ್ತು ಸ್ವಾಮಿ. ಈಬೂತಿ ಕೆರೆದ್ ಮ್ಯಾಲೆ ಕಾಣ್ತು. ಇಂಗೇ ಒಡುದ್ರೆ ನಳಿಗೆ ಸೀಳ್ಬೋದು. ಬುಟ್ಟೋಗಿ, ಎತ್ತಿ ಕೊಡ್ತೀನಿ" ಎಂದರು ಆಚಾರಿ.

ಕೆಡಿಸಿದ ಕೈಗೇ ಮತ್ತೆ ಕೊಡಲೇ? ಆಣೆ ಇಡಿ ಎಂದೆ. ಇಟ್ಟರು. ಅದನ್ನೂ ನಂಬದೆ, ಬಸ್‌ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತವರಿಗೆಲ್ಲ ಅವರ ಕೈಚಳಕವನ್ನು ಬಣ್ಣಿಸಿ ಬಸ್ ಹತ್ತಿದೆ.

ಊರು ಹತ್ತಿರವಾದಂತೆ ಧೈರ್ಯ ಇಳಿಯಿತು. ಅಪ್ಪ ನಂಬಿ ಕೊಟ್ಟದ್ದನ್ನು ಒಂದೇ ವರ್ಷದಲ್ಲಿ ಹಾಳು ಮಾಡಿದ್ದೆ. ಮನೆಗೆ ಬಂದವನೇ ವಿಭೂತಿ ಕಲಸಿ ನೆಗ್ಗಿಗೆ ದಪ್ಪಗೆ ಮೆತ್ತಿದೆ. ಅಪ್ಪ ಕೋವಿಯನ್ನು ತೊಡೆಯ ಮೇಲಿಟ್ಟು ಸವರಿದರು. ಬೆರಳು ಅಲ್ಲೇ ನಿಂತಿತು.

"ಪೂಜೆ ಇಲ್ದೆ ಈಬೂತಿ ಯಾಕ್ಲಾ?"

"ಸುಮ್ನೆ ಬಳ್ದೆ ಅಪ್ಪ."

ಅಪ್ಪ ನಕ್ಕರು. "ನಾನೂ ಅಲ್ಗೇ ಬಳೀತಿದ್ದೆ ಕಣ್ಲಾ. ನೀ ಸಣ್ಣೋನಾಗಿದ್ದಾಗ ಇದ್ರಲ್ಲಿ ಉಣ್ಸೇಕಾಯಿ ಬಡಿಯಕ್ಕೋಗಿ ಬಂಡೆ ಮ್ಯಾಲೆ ಕೆಡವ್ದೆ. ನಿಮ್ ತಾತ ಕಂಡಿದ್ರೆ ನಿನ್ ಚರ್ಮ ಸುಲ್ದುಬುಡೋರು."

ನನಗೆ ಹುಣಸೆಕಾಯಿ ಚೆನ್ನಾಗಿ ನೆನಪಿತ್ತು, ಬಂಡೆ ಮಾತ್ರ ಮರೆತುಹೋಗಿತ್ತು. ನೆಗ್ಗಿದ ಕೋವಿ ಹೊಡೆಯದೆ, ತಾತನಿಗೂ ತೋರಿಸದೆ ಇಷ್ಟು ವರ್ಷ ಅಪ್ಪ ತಮಟೆ ಬಡಿದದ್ದು ನನ್ನನ್ನು ಉಳಿಸಲು ಎಂದು ಆಗ ತಿಳಿಯಿತು.

ಮರುದಿನವೇ ಆಚಾರಿಯ ಎದುರು ನಿಂತು ಎಲ್ಲ ಒಪ್ಪಿಕೊಂಡೆ. ಅವರು ಕೋವಿ ತೆಗೆದುಕೊಂಡು, "ಮೊದ್ಲು ಆ ಓಟ್ಲಿಗೋಗಿ ಇದ್ನೇ ಹೇಳ್ಬುಟ್ಟು ಬನ್ನಿ ಸ್ವಾಮಿ. ಅಷ್ಟ್ರೊಳ್ಗೆ ನೆಗ್ಗು ಎತ್ತಿರ್ತೀನಿ" ಎಂದರು.

ಅವರ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ನಾನು ಮಾತ್ರ ಹೋಟೆಲಿನಲ್ಲಿ ಮೂರನೆಯ ಕಾಫಿ ಮುಗಿಸಿಯೂ ಇನ್ನೂ ಬಾಯಿ ಬಿಟ್ಟಿರಲಿಲ್ಲ.